ಅರ್ಧ ಗಂಟೆಗೊಂದು ಆಟ: ಬ್ರಿಟನ್ನಿನ ಕೇಬಲ್ ಟಿವಿಯಲ್ಲಿ ಕಾಸು ಕೊಟ್ಟು ನೋಡಿದ ಸಿನಿಮಾಗಳು

ಒಂದು ಗೋಡೆಯಿಂದ ಶುರು ಮಾಡ್ತೀನಿ. 1999ರ ಚಳಿಗಾಲ, ಇಂಗ್ಲೆಂಡಲ್ಲಿ ಕೇಬಲ್ ಟಿವಿ ಬಾಕ್ಸ್‌ಗಳನ್ನ ಟೆಸ್ಟ್ ಮಾಡೋ ಗುತ್ತಿಗೆ ಕೆಲಸಕ್ಕೆ ಹೋಗಿದ್ದೆ. ಮೊದಲನೇ ದಿನ ಲ್ಯಾಬ್ ಒಳಗೆ ಕಾಲಿಟ್ಟರೆ ಒಂದು ಗೋಡೆ ಪೂರ್ತಿ ಸಣ್ಣ ಸಣ್ಣ ಟಿವಿಗಳು, ಎಲ್ಲದರಲ್ಲೂ ಒಂದೇ ಸಿನಿಮಾ, ಆದ್ರೆ ಒಂದೊಂದರಲ್ಲಿ ಒಂದೊಂದು ಸೀನು. ಮೇಲಿನ ಸಾಲಲ್ಲಿ ಹೀರೋ ಇನ್ನೂ ಮನೇಲಿ ಕೂತು ಕಾಫಿ ಕುಡೀತಿದ್ದಾನೆ, ಅದರ ಪಕ್ಕದ್ದರಲ್ಲಿ ಕಾರ್ ಓಡಿಸ್ತಿದ್ದಾನೆ, ಕೆಳಗಡೆ ಮೂಲೆಯಲ್ಲಿ ಗುಂಡೇಟು ತಿಂದು ಸಾಯ್ತಿದ್ದಾನೆ. ಹದಿನೈದು ನಿಮಿಷ ಬಿಟ್ಟು ಪಕ್ಕದ ಟಿವಿಯಲ್ಲಿ ಸಾಯ್ತಾನೆ, ಮತ್ತೆ ಹದಿನೈದು ನಿಮಿಷಕ್ಕೆ ಅದರ ಪಕ್ಕದ್ದರಲ್ಲಿ. ಸಂಜೆ ಮನೆಗೆ ಹೊರಡೋ ಹೊತ್ತಿಗೆ ಆ ಮನುಷ್ಯ ಮೂವತ್ತು ಸಲ ಸತ್ತಿದ್ದ, ಸೌಂಡ್ ಇಲ್ಲದೆ.

ಇವತ್ತು ನಾನು ಹೇಳೋಕೆ ಹೊರಟಿರೋದೆಲ್ಲ ಆ ಗೋಡೇಲೇ ಇದೆ. ಕೇಬಲ್ ಕಂಪನಿಗಳು ಜನಕ್ಕೆ ಸಿನಿಮಾ ಮಾರ್ತಿದೀವಿ ಅಂತ ಅಂದ್ಕೊಂಡಿದ್ವು, ಜನಾನೂ ಸಿನಿಮಾ ಕೊಂಡ್ಕೋತಿದೀವಿ ಅಂತ ಅಂದ್ಕೊಂಡಿದ್ರು. ನಿಜವಾಗಿ ಮಾರಾಟ ಆಗ್ತಿದ್ದಿದ್ದು ಆಟದ ಟೈಮು. ನಮ್ಮ ಕಡೆ ಆಟ ಅಂತೀವಲ್ಲ, ಮೊದಲನೇ ಆಟ, ಎರಡನೇ ಆಟ, ಅದೇ ಆಟ. ಮೂರು ಪೌಂಡ್ ಕೊಟ್ಟರೆ ಎಂಟೂವರೆ ಆಟಕ್ಕೆ ಒಂದು ಸೀಟು, ಆ ಸೀಟು ನಿಮ್ಮ ಮನೆ ಸೋಫಾ, ಅಷ್ಟೇ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ, ಯಾಕಂದ್ರೆ ಪೇ ಪರ್ ವ್ಯೂ, ಅಂದ್ರೆ ನೋಡೋ ಒಂದೊಂದಕ್ಕೂ ಬಿಡಿಯಾಗಿ ದುಡ್ಡು ಕೊಡೋ ಈ ಪದ್ಧತಿ, ಎಲ್ಲರೂ ತೊಂಬತ್ತರ ದಶಕದ ವಿಷಯ ಅಂದ್ಕೋತಾರೆ. ಬ್ರಿಟನ್ನಿನಲ್ಲಿ ಇದು ಶುರುವಾಗಿದ್ದು 1966ರಲ್ಲಿ. ಪೇ-ಟಿವಿ ಅಂತಾನೇ ಹೆಸರಿಟ್ಕೊಂಡ ಒಂದು ಕಂಪನಿ, ಸರ್ಕಾರದ ಪರ್ಮಿಷನ್ ತಗೊಂಡು, ಪ್ರಯೋಗ ಅಂತ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮತ್ತೆ ಸದರ್ಕ್ ಕಡೆ ಮನೆಗಳಿಗೆ ತಂತಿ ಎಳೆದು ಸಿನಿಮಾ ಕೊಡೋಕೆ ಶುರು ಮಾಡ್ತು, ಆಮೇಲೆ ಶೆಫೀಲ್ಡ್ ಊರಿಗೂ ಹೋಯ್ತು. ದುಡ್ಡು ವಸೂಲಿ ಹೇಗೆ ಗೊತ್ತಾ? ಟಿವಿ ಪಕ್ಕದಲ್ಲಿ ನಾಣ್ಯ ಹಾಕೋ ಡಬ್ಬಿ. ನಾಣ್ಯ ಹಾಕಿದ್ರೆ ಸಿನಿಮಾ, ಹಾಕದಿದ್ರೆ ಇಲ್ಲ.

ನಮಗೆ ಇದು ತಮಾಷೆ ಅನ್ಸುತ್ತೆ, ಅವರಿಗೆ ಅನ್ನಿಸ್ಲಿಲ್ಲ. ಆ ಕಾಲದ ಇಂಗ್ಲೆಂಡಲ್ಲಿ ಬಡವರ ಮನೆ, ಬಾಡಿಗೆ ರೂಮು, ಎಲ್ಲ ಕಡೆ ಗ್ಯಾಸ್ ಮೀಟರಿಗೂ ಕರೆಂಟ್ ಮೀಟರಿಗೂ ನಾಣ್ಯ ಹಾಕೋ ಕಿಂಡಿ ಇರ್ತಿತ್ತು. ಚಳಿಗೆ ಹೀಟರ್ ಹಾಕ್ಬೇಕು ಅಂದ್ರೆ ಒಂದು ಶಿಲಿಂಗ್ ಹುಡುಕು. ಟಿವಿ ಸೆಟ್ಟನ್ನೇ ಬಾಡಿಗೆಗೆ ತಂದು ಅದಕ್ಕೂ ನಾಣ್ಯದ ಡಬ್ಬಿ ಜೋಡಿಸ್ಕೊಂಡಿದ್ದ ಮನೆಗಳೂ ಇದ್ವು. ಹಾಗಾಗಿ ಸಿನಿಮಾಗೂ ಒಂದು ಕಿಂಡಿ ಅನ್ನೋದು ಅವರಿಗೆ ಸಹಜವಾಗೇ ಇತ್ತು. ನನಗೆ ಆ ಡಬ್ಬಿ ಬಗ್ಗೆ ಒಂಥರಾ ಗೌರವ ಇದೆ ಕಣ್ರಿ. ಮುಂದೆ ಬಂದ ಯಾವ ವ್ಯವಸ್ಥೆಗೂ ಅಷ್ಟು ನೇರವಾದ ಲೆಕ್ಕ ಇರ್ಲಿಲ್ಲ. ದುಡ್ಡು ಕೈಯಿಂದ ಜಾರಿದ ಸದ್ದು ಕಿವಿಗೆ ಕೇಳ್ತಿತ್ತು, ಅದಾದ್ಮೇಲೆ ಸಿನಿಮಾ. ಈಗ ಒಂದು ಬಟನ್ ಒತ್ತೀವಿ, ದುಡ್ಡು ಹೋಗಿದ್ದು ಗೊತ್ತಾಗೋದು ತಿಂಗಳ ಕೊನೆಗೆ.

ಆ ಪ್ರಯೋಗ 1968ರಲ್ಲೇ ನಿಂತೋಯ್ತು. ಇನ್ನೂ ಜಾಸ್ತಿ ಮನೆಗಳಿಗೆ ಹೋಗದೆ ಲಾಭ ಬರಲ್ಲ ಅಂತ ಕಂಪನಿ, ಅಷ್ಟೆಲ್ಲ ಬಿಡೋಕಾಗಲ್ಲ ಅಂತ ಸರ್ಕಾರ, ಮುಗೀತು. ಆಮೇಲೆ ಹದಿಮೂರು ವರ್ಷ ತಣ್ಣಗೆ. 1981ರಲ್ಲಿ ಮತ್ತೆ ಕೆಲವು ಊರುಗಳಲ್ಲಿ ಪ್ರಯೋಗಕ್ಕೆ ಲೈಸೆನ್ಸ್ ಕೊಟ್ಟರು. ಆಗ ರೆಡಿಫ್ಯೂಷನ್ ಕಂಪನಿಯವರು ಸ್ಟಾರ್‌ವ್ಯೂ ಅಂತ ಒಂದು ಸಿನಿಮಾ ಚಾನೆಲ್ ತಂದ್ರು. ಆದ್ರೆ ಈ ಸಲ ಆಟಕ್ಕಿಷ್ಟು ಅಂತ ಅಲ್ಲ, ತಿಂಗಳಿಗಿಷ್ಟು. ನಾಣ್ಯದ ಡಬ್ಬಿ ಹೋಯ್ತು, ಚಂದಾ ಬಂತು.

ರೆಡಿಫ್ಯೂಷನ್ ಹೆಸರು ಬಂದಿದ್ದಕ್ಕೆ ಒಂದು ಮಾತು. ಬ್ರಿಟನ್ನಿನಲ್ಲಿ ಕೇಬಲ್ ಅಂದ್ರೆ ಬಹಳ ವರ್ಷ ಬರೀ ರಿಲೇ ವ್ಯವಸ್ಥೆ. ಗುಡ್ಡದ ಹಿಂದಿನ ಊರಿಗೆ ಸಿಗ್ನಲ್ ಸಿಗಲ್ಲ, ಒಂದು ದೊಡ್ಡ ಆಂಟೆನಾ ನೆಟ್ಟು ಅಲ್ಲಿಂದ ಎಲ್ಲರ ಮನೆಗೂ ತಂತಿ. ರೇಡಿಯೋ ಕಾಲದಿಂದ ಅದೇ ಕಸುಬು. ಬಿಬಿಸಿ ಥರದವರು ಕೊಡ್ತಿದ್ದಿದ್ದನ್ನೇ ತಂತಿಯಲ್ಲಿ ಕೊಡೋದು, ಸ್ವಂತದ್ದು ಅಂತ ಏನೂ ಇಲ್ಲ. ಹೊಸ ಥರದ, ಹೆಚ್ಚು ಚಾನೆಲ್ ಹಿಡಿಸೋ ಕೇಬಲ್ಲಿಗೆ ದಾರಿ ಆಗಿದ್ದು ಥ್ಯಾಚರ್ ಸರ್ಕಾರ ಬಂದ್ಮೇಲೆ. 1983ರ ಕೊನೆಗೆ ಹನ್ನೊಂದು ಕಡೆ ಮೊದಲ ಫ್ರಾಂಚೈಸಿ, ಅಂದ್ರೆ ಆ ಊರಲ್ಲಿ ಕೇಬಲ್ ಹಾಕೋ ಹಕ್ಕು, ಕೊಟ್ಟರು: ಅಬರ್ಡೀನ್, ಕವೆಂಟ್ರಿ, ಕ್ರಾಯ್ಡನ್, ಸ್ವಿಂಡನ್ ಹೀಗೆ. ಅದರಲ್ಲಿ ವೆಸ್ಟ್‌ಮಿನ್‌ಸ್ಟರ್ ಕೂಡ ಇತ್ತು, ಅದೇ ನಾಣ್ಯದ ಡಬ್ಬಿ ಇಟ್ಟಿದ್ದ ವೆಸ್ಟ್‌ಮಿನ್‌ಸ್ಟರ್!

ಅಲ್ಲಿ ಈ ಸಲ ಬ್ರಿಟಿಷ್ ಟೆಲಿಕಾಂ ಬಹಳ ಬುದ್ಧಿವಂತ ಕೇಬಲ್ ಹಾಕಿತ್ತು. ಬೇರೆ ಊರುಗಳಲ್ಲಿ ಮರದ ಕೊಂಬೆ ಥರ, ಎಲ್ಲ ಚಾನೆಲ್ಲೂ ಎಲ್ಲ ಮನೆಗೂ ಹರಿಯುತ್ತೆ, ಬೇಡದ್ದನ್ನ ಬಾಕ್ಸ್ ಮುಚ್ಚುತ್ತೆ. ವೆಸ್ಟ್‌ಮಿನ್‌ಸ್ಟರಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ಥರ, ಬೀದಿಯ ಪೆಟ್ಟಿಗೆಯಲ್ಲೇ ಸ್ವಿಚ್ಚು, ನೀವು ಕೇಳಿದ ಚಾನೆಲ್ ಮಾತ್ರ ನಿಮ್ಮ ತಂತಿಗೆ ಬರುತ್ತೆ. ಅದರ ಜತೆಗೆ ಲೇಸರ್ ಡಿಸ್ಕ್‌ಗಳ ಒಂದು ವಿಡಿಯೋ ಲೈಬ್ರರಿ, ಬೇಕಾದ್ದು ಕೇಳಿದ್ರೆ ಆ ಮನೆಗೆ ಮಾತ್ರ ಕಳಿಸೋದು. ಎಂಬತ್ತರ ದಶಕದಲ್ಲಿ ಇದು! ಆದ್ರೆ ಒಂದು ಡಿಸ್ಕ್, ಒಂದು ಪ್ಲೇಯರ್, ಒಬ್ಬ ಗಿರಾಕಿ. ನೂರು ಜನ ಒಟ್ಟಿಗೆ ಕೇಳಿದ್ರೆ ನೂರು ಪ್ಲೇಯರ್ ಎಲ್ಲಿಂದ ತರೋದು.

ಇದನ್ನ ಹೇಳುವಾಗೆಲ್ಲ ನನಗೆ ನಮ್ಮೂರಿನ ಕೇಬಲ್ ಆಪರೇಟರ್ ನೆನಪಾಗ್ತಾನೆ. ತೊಂಬತ್ತರ ದಶಕದ ಶುರು, ನಿಮ್ಮಲ್ಲೂ ಸುಮಾರು ಜನ ನೋಡಿರ್ತೀರಿ, ಮಹಡಿ ಮೇಲೊಂದು ರೂಮು, ಒಂದು ವಿಸಿಆರ್, ಅಲ್ಲಿಂದ ತೆಂಗಿನ ಮರಗಳ ಮೇಲೆ ಹಾದು ಹೋಗೋ ತಂತಿ. ಫೋನ್ ಮಾಡಿ ಅಣ್ಣಾ ಆ ಸಿನಿಮಾ ಹಾಕಣ್ಣಾ ಅಂದ್ರೆ ರಾತ್ರಿ ಹಾಕ್ತಿದ್ದ. ಇಡೀ ಬಡಾವಣೆ ಒಬ್ಬ ಕೇಳಿದ ಸಿನಿಮಾ ನೋಡ್ಬೇಕು, ಅದು ಬೇರೆ ಮಾತು. ರೈಟ್ಸು ಗೀಟ್ಸು ಅನ್ನೋ ಪದಾನೇ ಅವನ ಹತ್ರ ಸುಳಿದಿರ್ಲಿಲ್ಲ.

ಬ್ರಿಟನ್ನಿಗೆ ವಾಪಸ್ ಬರೋಣ. ತೊಂಬತ್ತರ ದಶಕದಲ್ಲಿ ಅಮೆರಿಕ ಮತ್ತೆ ಕೆನಡಾದ ದುಡ್ಡು ಹೊಳೆ ಥರ ಹರಿದು ಬಂತು. ನೈನೆಕ್ಸ್, ಕಾಮ್‌ಕಾಸ್ಟ್, ವಿಡಿಯೋಟ್ರಾನ್, ಟೆಲಿವೆಸ್ಟ್, ಆಮೇಲೆ ಎನ್‌ಟಿಎಲ್ ಆದ ಕಂಪನಿ, ಒಬ್ಬೊಬ್ಬರು ಒಂದೊಂದು ಊರಿನ ಫ್ರಾಂಚೈಸಿ ಹಿಡಿದು ಫುಟ್‌ಪಾತ್ ಅಗೆಯೋಕೆ ಶುರು. ಅಲ್ಲಿ ಕಂಬದಿಂದ ಕಂಬಕ್ಕೆ ತಂತಿ ಎಳೆಯೋ ಹಾಗಿಲ್ಲ, ನೆಲದ ಅಡೀಲೇ ಹೋಗ್ಬೇಕು. ಬೀದಿ ಬೀದಿ ಅಗೆದ್ರು, ಜನ ಬೈದ್ರು, ಮರದ ಬೇರು ಕಡಿದ್ರು ಅಂತ ಗಲಾಟೆ ಆಯ್ತು, ಎಲ್ಲ ಮುಗಿದ್ಮೇಲೆ ಬೀದಿ ಮೂಲೆಯಲ್ಲಿ ಒಂದೊಂದು ಹಸಿರು ಪೆಟ್ಟಿಗೆ ನಿಂತ್ವು. ಆ ಪೆಟ್ಟಿಗೆಗಳು ಇವತ್ತಿಗೂ ಇವೆ.

ಇಷ್ಟೆಲ್ಲ ಖರ್ಚು ಮಾಡಿದ್ಮೇಲೆ, ತಂತಿ ಹಾದುಹೋದ ಮನೆಗಳಲ್ಲಿ ಟಿವಿ ತಗೊಂಡಿದ್ದು ಹತ್ತಿರತ್ತಿರ ನಾಲ್ಕರಲ್ಲಿ ಒಂದು. ಕಂಪನಿಗಳ ಕೈ ಹಿಡಿದಿದ್ದು ಟೆಲಿಫೋನು, 1991ರಿಂದ ಕೇಬಲ್‌ನೋರು ತಾವೇ ಫೋನ್ ಕನೆಕ್ಷನ್ ಕೊಡ್ಬಹುದು ಅಂತ ಆಗಿತ್ತಲ್ಲ, ಅದು. ಟಿವಿಯಲ್ಲಿ ಜನಕ್ಕೆ ಬೇಕಾಗಿದ್ದಿದ್ದು ಫುಟ್‌ಬಾಲ್ ಮತ್ತೆ ಹೊಸ ಸಿನಿಮಾ, ಎರಡೂ ಡಿಶ್ ಮೂಲಕ ಟಿವಿ ಕೊಡೋ ಸ್ಕೈ ಅನ್ನೋ ಕಂಪನಿ ಕೈಯಲ್ಲಿತ್ತು. ಕೇಬಲ್ ಕಂಪನಿ ಸ್ಕೈಯ ಸಿನಿಮಾ ಚಾನೆಲ್ಲುಗಳನ್ನ ಸ್ಕೈ ಹೇಳಿದ ರೇಟಿಗೆ ಕೊಂಡು ತನ್ನ ಗಿರಾಕಿಗೆ ಕೊಡ್ಬೇಕು. ಎದುರು ಅಂಗಡಿಯವನ ಹತ್ರಾನೇ ಸಗಟು ಮಾಲು ಕೊಂಡು ಅವನ ಎದುರಿಗೇ ಚಿಲ್ಲರೆ ವ್ಯಾಪಾರ ಮಾಡಿದ ಹಾಗೆ. ಎಷ್ಟು ಉಳಿಯುತ್ತೆ?

ಇಲ್ಲಿ ಹಾಲಿವುಡ್ಡಿನ ಒಂದು ಕಟ್ಟಳೆ ತಿಳ್ಕೋಬೇಕು. ಒಂದು ಸಿನಿಮಾ ಮೊದಲು ಥಿಯೇಟರು, ಆಮೇಲೆ ವಿಡಿಯೋ ಅಂಗಡಿ, ಅದಾಗಿ ಕೆಲವು ತಿಂಗಳಿಗೆ ಪೇ ಪರ್ ವ್ಯೂ, ಆಮೇಲೆ ಚಂದಾ ಕಟ್ಟೋ ಸಿನಿಮಾ ಚಾನೆಲ್ಲು, ಕಟ್ಟಕಡೆಗೆ ಬಿಬಿಸಿ ಐಟಿವಿ ಥರದ ಪುಕ್ಕಟೆ ಚಾನೆಲ್ಲು. ನಮ್ಮ ಕಡೆ ಸಂತೆಯಲ್ಲಿ ಟೊಮ್ಯಾಟೊ ಬೆಳಿಗ್ಗೆ ಒಂದು ರೇಟು, ಸಂಜೆ ಒಂದು ರೇಟು, ಕತ್ತಲಾದ್ಮೇಲೆ ರಾಶಿಗಿಷ್ಟು ಅಂತ ಹೋಗುತ್ತಲ್ಲ ಹಂಗೇ. ಇದರಲ್ಲಿ ಚಂದಾ ಚಾನೆಲ್ಲಿನ ಮೆಟ್ಟಿಲು ಪೂರ್ತಿ ಸ್ಕೈ ಹಿಡ್ಕೊಂಡಿತ್ತು, ದೊಡ್ಡ ಸ್ಟುಡಿಯೋಗಳ ಜತೆ ಎಕ್ಸ್‌ಕ್ಲೂಸಿವ್ ಒಪ್ಪಂದ ಮಾಡ್ಕೊಂಡು. ಆದ್ರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ಪೇ ಪರ್ ವ್ಯೂ ಮೆಟ್ಟಿಲು, ಅಲ್ಲಿ ಬಾಗಿಲು ತೆರೆದಿತ್ತು. ಕೇಬಲ್ ಕಂಪನಿಗಳು ಸ್ಕೈಯನ್ನ ಸುತ್ತಿ ಬಳಸಿ ಸೀದಾ ಹಾಲಿವುಡ್ ಬಾಗಿಲು ತಟ್ಟೋಕೆ ಇದ್ದ ಒಂದೇ ದಾರಿ ಅದು.

ಪೇ ಪರ್ ವ್ಯೂನಲ್ಲಿ ದುಡ್ಡಿದೆ ಅಂತ ಆಗಲೇ ಒಂದು ರಾತ್ರಿ ತೋರಿಸಿತ್ತು. 1996ರ ಮಾರ್ಚ್ 16, ಲಾಸ್ ವೇಗಸ್‌ನಲ್ಲಿ ಫ್ರಾಂಕ್ ಬ್ರೂನೋ ಮತ್ತೆ ಮೈಕ್ ಟೈಸನ್ ಬಾಕ್ಸಿಂಗು. ಸ್ಕೈ ಅದನ್ನ ಪ್ರತ್ಯೇಕ ದುಡ್ಡಿಗೆ ಮಾರ್ತು, ಮುಂಚೆ ಬುಕ್ ಮಾಡಿದವರಿಗೆ 9.95 ಪೌಂಡ್, ತಡ ಮಾಡಿದ್ರೆ 14.95. ಸುಮಾರು 6,60,000 ಮನೆಗಳು ಕಟ್ಟಿದ್ವು. ಬ್ರೂನೋ ಮೂರನೇ ರೌಂಡಿಗೇ ಹೋದ, ಅಂದ್ರೆ ನಿಮಿಷಕ್ಕೆ ಎಷ್ಟು ಬಿತ್ತು ನೀವೇ ಲೆಕ್ಕ ಹಾಕಿ. ಎಲ್ಲರೂ ಏನು ಪಾಠ ಕಲಿತ್ರು ಅಂದ್ರೆ, ಜನ ಟಿವಿ ನೋಡೋಕೆ ಬಿಡಿ ಬಿಡಿಯಾಗಿ ದುಡ್ಡು ಕೊಡ್ತಾರೆ ಅಂತ. ಪಾಠದ ಅರ್ಧ ಭಾಗ ಮಾತ್ರ ಅದು. ಬಾಕ್ಸಿಂಗ್ ಮ್ಯಾಚಿಗೆ ಆ ರಾತ್ರಿ ಮಾತ್ರ ಬೆಲೆ, ಬೆಳಿಗ್ಗೆ ಪೇಪರಲ್ಲಿ ರಿಸಲ್ಟ್ ಬಂದ್ಮೇಲೆ ಹಳಸಿದ ಅನ್ನ. ಸಿನಿಮಾ ಹಾಗಲ್ಲ, ಇವತ್ತು ನೋಡದಿದ್ರೆ ಶನಿವಾರ ನೋಡಿದ್ರಾಯ್ತು, ಇಲ್ಲಾಂದ್ರೆ ಒಂದು ವರ್ಷ ಕಾದ್ರೆ ಸ್ಕೈಯಲ್ಲೇ ಬರುತ್ತೆ. ಈ ವ್ಯತ್ಯಾಸವನ್ನ ಯಾರೂ ತಲೆಗೆ ಹಾಕ್ಕೊಳ್ಳಲಿಲ್ಲ ಅಂತ ನನ್ನ ಅಭಿಪ್ರಾಯ.

1997ರ ಡಿಸೆಂಬರಲ್ಲಿ ಸ್ಕೈ ತನ್ನ ಬಾಕ್ಸ್ ಆಫೀಸ್ ಚಾನೆಲ್ಲುಗಳಲ್ಲಿ ಸಿನಿಮಾ ಶುರು ಮಾಡ್ತು. 1998ರಲ್ಲಿ ಕೇಬಲ್ ಕಂಪನಿಗಳು ಸೇರ್ಕೊಂಡು ಫ್ರಂಟ್ ರೋ ಅಂತ ತಮ್ಮದೇ ಒಂದು ಪೇ ಪರ್ ವ್ಯೂ ಸರ್ವೀಸ್ ತಂದ್ರು. ಹೆಸರೇ ನೋಡಿ, ಮುಂದಿನ ಸಾಲು. ಅದರ ಅರ್ಥ ಅವರಿಗೆ ಬೆಸ್ಟ್ ಸೀಟು, ನಮಗೆ ಗಾಂಧಿ ಕ್ಲಾಸು. ನನ್ನ ಹಾಸನದ ಗೆಳೆಯ ಆ ಹೆಸರು ಕೇಳಿ ಬಿದ್ದು ಬಿದ್ದು ನಕ್ಕಿದ್ದ, ಮೂರು ಪೌಂಡ್ ಕೊಟ್ಟು ಗಾಂಧಿ ಕ್ಲಾಸಲ್ಲಿ ಕೂರ್ಬೇಕಾ ಅಂತ.

ಈಗ ಗೋಡೆಯ ಲೆಕ್ಕ. ಎರಡು ಗಂಟೆಯ ಸಿನಿಮಾ ಒಂದು ಚಾನೆಲ್ಲಲ್ಲಿ ಹಾಕಿದ್ರೆ ಎರಡು ಗಂಟೆಗೊಂದು ಆಟ. ಎಂಟು ಗಂಟೆಗೆ ಮಕ್ಕಳಿಗೆ ಊಟ ಮಾಡಿಸಿ ಎಂಟೂ ಹತ್ತಕ್ಕೆ ಬಂದು ಕೂತ್ರೆ ಹತ್ತು ಗಂಟೆ ತನಕ ಕಾಯ್ಬೇಕು, ಯಾರು ಕಾಯ್ತಾರೆ. ಅರ್ಧ ಗಂಟೆಗೊಂದು ಆಟ ಬೇಕು ಅಂದ್ರೆ ಅದೇ ಸಿನಿಮಾಗೆ ನಾಲ್ಕು ಚಾನೆಲ್ ಬೇಕು. ಹದಿನೈದು ನಿಮಿಷಕ್ಕೊಂದು ಅಂದ್ರೆ ಎಂಟು. ಹಳೆ ಅನಲಾಗ್ ಕೇಬಲ್ಲಲ್ಲಿ ಒಟ್ಟು ಇರೋದೇ ಐವತ್ತು ಅರವತ್ತು ಚಾನೆಲ್ ಜಾಗ, ಅದರಲ್ಲಿ ಒಂದೇ ಸಿನಿಮಾಗೆ ನಾಲ್ಕು ಕೊಟ್ಟರೆ ಹತ್ತು ಸಿನಿಮಾಗೆ ನಲವತ್ತು, ಮಿಕ್ಕಿದ್ದೆಲ್ಲ ಎಲ್ಲಿಡೋದು? ಹಾಗಾಗಿ ಅನಲಾಗ್ ಕಾಲದಲ್ಲಿ ಸಿಕ್ಕಿದ್ದು ಬೆರಳೆಣಿಕೆ ಸಿನಿಮಾ. ವಿಡಿಯೋ ಅಂಗಡಿಯಲ್ಲಿ ಗೋಡೆ ತುಂಬ ಕ್ಯಾಸೆಟ್, ಟಿವಿಯಲ್ಲಿ ನಾಲ್ಕೈದು.

ಇದು ನಮಗೆ ಹೊಸದೇನಲ್ಲ. ಹಳೆ ಕಾಲದಲ್ಲಿ ಒಂದೇ ಪ್ರಿಂಟನ್ನ ಎರಡು ಟಾಕೀಸಿಗೆ ಹಾಕ್ತಿದ್ರಲ್ಲ, ಇಲ್ಲಿ ಅರ್ಧ ಗಂಟೆ ಮುಂಚೆ ಶುರು ಮಾಡಿ, ಮುಗಿದ ರೀಲನ್ನ ಸೈಕಲ್ ಕ್ಯಾರಿಯರ್ ಮೇಲೆ ಕಟ್ಕೊಂಡು ಹುಡುಗ ಇನ್ನೊಂದು ಟಾಕೀಸಿಗೆ ಓಡ್ತಿದ್ದ. ಸೈಕಲ್ ಪಂಚರ್ ಆದ್ರೆ ಅಲ್ಲಿ ಇಂಟರ್‌ವೆಲ್ ಉದ್ದ ಆಗ್ತಿತ್ತು. ಆ ಲ್ಯಾಬ್ ಗೋಡೆ ನೋಡಿದಾಗ ನನಗೆ ಮೊದಲು ಹೊಳೆದಿದ್ದೇ ಆ ಸೈಕಲ್ಲು. ಪಕ್ಕದಲ್ಲಿದ್ದ ಇಂಗ್ಲಿಷ್ ಸಹೋದ್ಯೋಗಿಗೆ ವಿವರಿಸೋಕೆ ಹೋದೆ, ಅವನಿಗೆ ಸೈಕಲ್ ಯಾಕೆ ಬಂತು ಅಂತ ಕೊನೆಗೂ ಅರ್ಥ ಆಗ್ಲಿಲ್ಲ, ಬಿಡಿ.

1998ರ ಅಕ್ಟೋಬರಲ್ಲಿ ಸ್ಕೈ ಡಿಜಿಟಲ್ ಬಂತು, ಮಾರನೇ ವರ್ಷದಿಂದ ಕೇಬಲ್ಲೂ ಡಿಜಿಟಲ್ ಆಗ್ತಾ ಬಂತು. ಒಂದು ಅನಲಾಗ್ ಚಾನೆಲ್ಲಿನ ಜಾಗದಲ್ಲಿ ಆರೋ ಎಂಟೋ ಡಿಜಿಟಲ್ ಚಾನೆಲ್ಲು ಕೂರುತ್ತೆ. ನಾನು ಕೆಲಸಕ್ಕೆ ಸೇರಿದ್ದು ಸರಿಯಾಗಿ ಆ ಹೊತ್ತಿಗೆ. ಈಗ ಜಾಗದ ಚಿಂತೆ ಇಲ್ಲ ಅಂತ ಸಾಲು ಸಾಲಾಗಿ ಪೇ ಪರ್ ವ್ಯೂ ಚಾನೆಲ್ ತುಂಬಿದ್ರು, ಗೋಡೆ ತುಂಬ ಹೀರೋ ಸಾಯೋಕೆ ಶುರುವಾಗಿದ್ದು ಹಾಗೆ. ಅಷ್ಟಾದ್ರೂ ಅದು ಟೈಮ್‌ಟೇಬಲ್ಲೇ ಕಣ್ರಿ. ಬಸ್ಸು ಗಂಟೆಗೊಂದು ಇದ್ದಿದ್ದು ಹದಿನೈದು ನಿಮಿಷಕ್ಕೊಂದು ಆಯ್ತು, ಬಸ್ ಸ್ಟಾಪಲ್ಲಿ ನಿಲ್ಲೋದು ತಪ್ಪಲಿಲ್ಲ. ನಡುವೆ ಫೋನ್ ಬಂತು, ಮಗು ಎದ್ದು ಅಳ್ತು ಅಂದ್ರೆ ನಿಲ್ಸೋ ಹಾಗಿಲ್ಲ. ಮೂಲೆ ಅಂಗಡಿಯಿಂದ ತಂದ ಕ್ಯಾಸೆಟ್ ಆದ್ರೆ ಪಾಜ್ ಒತ್ತಿ, ಟೀ ಮಾಡ್ಕೊಂಡು ಬಂದು ಕೂರ್ಬಹುದು.

ವಿಡಿಯೋ ಅಂಗಡಿಯಲ್ಲೂ ಒಂದು ರಾತ್ರಿಗೆ ಹೆಚ್ಚೂ ಕಮ್ಮಿ ಅಷ್ಟೇ ದುಡ್ಡು, ಸಿನಿಮಾ ತಿಂಗಳುಗಟ್ಟಲೆ ಮುಂಚೆ ಸಿಗುತ್ತೆ. ಕೇಬಲ್ ಹತ್ರ ಇದ್ದ ಅನುಕೂಲ ಮೂರೇ: ಮಳೇಲಿ ಹೊರಗೆ ಹೋಗ್ಬೇಕಿಲ್ಲ, ರಿವೈಂಡ್ ಮಾಡ್ಬೇಕಿಲ್ಲ, ತಡವಾಗಿ ವಾಪಸ್ ಕೊಟ್ಟಿದ್ದಕ್ಕೆ ದಂಡ ಇಲ್ಲ. ಇಂಗ್ಲೆಂಡಿನ ಮಳೆ ನೋಡಿದವರಿಗೆ ಮೊದಲನೇದು ಸಣ್ಣ ಅನುಕೂಲ ಅಲ್ಲ ಅಂತ ಗೊತ್ತಿರುತ್ತೆ. ಆದ್ರೂ ಶುಕ್ರವಾರ ಸಂಜೆ ಜನ ಕೊಡೆ ಹಿಡ್ಕೊಂಡು ವಿಡಿಯೋ ಅಂಗಡಿಗೇ ಹೋಗ್ತಿದ್ರು, ಒಂದು ಸಿನಿಮಾ, ಜತೆಗೆ ಒಂದು ಚಿಪ್ಸ್ ಪ್ಯಾಕೆಟ್, ಅದೊಂದು ಸಣ್ಣ ಸಂಭ್ರಮ.

ದುಡ್ಡು ವಸೂಲಿ ವಿಷಯಕ್ಕೆ ಬರ್ತೀನಿ, ಅದು ನನ್ನ ಇಷ್ಟದ ಭಾಗ. ಸ್ಯಾಟಲೈಟ್ ಅಂದ್ರೆ ಒನ್ ವೇ. ಆಕಾಶದಿಂದ ಕೆಳಗೆ ಬರುತ್ತೆ, ನಿಮ್ಮ ಡಿಶ್ ಮೇಲಕ್ಕೆ ಏನೂ ಹೇಳೋಕಾಗಲ್ಲ. ಅದಕ್ಕೇ ಸ್ಕೈ ಬಾಕ್ಸನ್ನ ಟೆಲಿಫೋನ್ ಲೈನಿಗೆ ಸಿಕ್ಕಿಸ್ಬೇಕಿತ್ತು, ರಿಮೋಟಲ್ಲಿ ಸಿನಿಮಾ ಕೊಂಡ್ರೆ ಸುದ್ದಿ ಹೋಗೋದು ಆ ಫೋನ್ ಲೈನಲ್ಲಿ. ಕೇಬಲ್ಲಿಗೆ ಆ ಕಷ್ಟ ಇಲ್ಲ, ತಂತಿಯಲ್ಲಿ ಹೋಗೋಕೂ ಬರೋಕೂ ದಾರಿ ಇದೆ. ಇದೆ ಅಂತ ಹೇಳೋದು ಸುಲಭ. ವಾಪಸ್ ಬರೋ ದಾರಿ ಅನ್ನೋದು ಒಂದು ಚರಂಡಿ ಇದ್ದ ಹಾಗೆ: ಒಂದು ಬಡಾವಣೆಯ ನೂರಾರು ಮನೆಗಳ ಕೊಳೆಯೆಲ್ಲ ಒಂದೇ ಪೈಪಿಗೆ ಬಂದು ಸೇರುತ್ತೆ. ಒಬ್ಬರ ಮನೇಲಿ ಫ್ರಿಜ್ ಆನ್ ಆಗಿದ್ದು, ಇನ್ನೊಬ್ಬರ ಮನೇಲಿ ಲೂಸ್ ಆದ ಕನೆಕ್ಟರು, ಎಲ್ಲದರ ಗಲಾಟೆ ಒಟ್ಟಾಗಿ ಮೇಲಕ್ಕೆ ಹೋಗುತ್ತೆ, ಅದರ ಮಧ್ಯೆ ನಿಮ್ಮ ಬಾಕ್ಸು ಪಿಸುಗುಡ್ತಿರುತ್ತೆ, ಸ್ವಾಮಿ ಈ ಮನೆಯವರು ಎಂಟೂವರೆ ಆಟಕ್ಕೆ ಟಿಕೆಟ್ ಕೇಳ್ತಿದಾರೆ ಅಂತ. ನಮ್ಮ ಟೆಸ್ಟಿಂಗಿನ ಅರ್ಧ ಕೆಲಸ ಅದೇ, ಆ ಪಿಸುಮಾತು ಕೇಳ್ಸುತ್ತಾ ಇಲ್ವಾ ಅಂತ ನೋಡೋದು.

ಅನಲಾಗ್ ಕಾಲದಲ್ಲಿ ಇನ್ನೊಂದು ತಲೆನೋವಿತ್ತು, ಕ್ಯೂಬ್. ಬೆಂಕಿಪೊಟ್ಟಣದ ಥರದ ಒಂದು ಸಣ್ಣ ಡಬ್ಬಿ, ಪಬ್ಬಲ್ಲಿ, ಭಾನುವಾರದ ಸಂತೆಯಲ್ಲಿ ಮಾರ್ತಿದ್ರು, ಕೇಬಲ್ ಬಾಕ್ಸಿಗೆ ಸಿಕ್ಕಿಸಿದ್ರೆ ಎಲ್ಲ ಚಾನೆಲ್ಲೂ ತೆರೆದುಕೊಳ್ಳುತ್ತೆ. ಕಾನೂನುಬಾಹಿರ, ಎಲ್ಲರಿಗೂ ಗೊತ್ತಿತ್ತು. ಹಿಂದೆ ಹೇಳಿದ್ನಲ್ಲ, ಎಲ್ಲ ಚಾನೆಲ್ಲೂ ಎಲ್ಲ ಮನೆಗೂ ಹರಿಯುತ್ತೆ, ಬಾಕ್ಸು ಮುಚ್ಚಿಡುತ್ತೆ ಅಂತ, ಅದರ ಫಲ ಇದು. ಬಾಗಿಲಿಗೆ ಬೀಗ ಹಾಕಿ ಬೀಗದ ಜತೇಲೇ ಮನೆಯನ್ನೂ ಗಿರಾಕಿ ಕೈಗೆ ಕೊಟ್ಟರೆ ಇನ್ನೇನಾಗುತ್ತೆ.

ಅಂತೂ ಆಟದ ಟೈಮೇ ಇಲ್ಲದ ಸಿನಿಮಾ, ಅಂದ್ರೆ ನೀವು ಒತ್ತಿದಾಗ ಶುರು, ನೀವು ಅಂದಾಗ ನಿಲ್ಲೋದು, ಅದು ಬೇಕು ಅಂತ ಇಂಜಿನಿಯರುಗಳಿಗೆ ಯಾವಾಗಲೋ ಗೊತ್ತಿತ್ತು. 1994ರಲ್ಲೇ ಕೇಂಬ್ರಿಜಲ್ಲಿ ಕೇಬಲ್ ಮೇಲೆ ಪ್ರಯೋಗ ಆಗಿತ್ತು, 1995ರಲ್ಲಿ ಬ್ರಿಟಿಷ್ ಟೆಲಿಕಾಂ ಕಾಲ್ಚೆಸ್ಟರ್ ಮತ್ತೆ ಇಪ್ಸ್‌ವಿಚ್ ಕಡೆ 2,500 ಮನೆಗಳಿಗೆ ಟೆಲಿಫೋನ್ ತಂತಿಯಲ್ಲೇ ಸಿನಿಮಾ ಕಳಿಸಿ ನೋಡಿತ್ತು. ಆಗಿದ್ದ ಸಮಸ್ಯೆ ವೆಸ್ಟ್‌ಮಿನ್‌ಸ್ಟರಿನ ಲೇಸರ್ ಡಿಸ್ಕಿನದ್ದೇ, ಒಬ್ಬೊಬ್ಬ ಗಿರಾಕಿಗೆ ಒಂದೊಂದು ಸ್ಟ್ರೀಮ್ ಕಳಿಸೋ ಖರ್ಚು. ಹಾರ್ಡ್ ಡಿಸ್ಕ್ ಸೋವಿ ಆಗೋ ತನಕ ಕಾಯ್ಬೇಕಾಯ್ತು. ಈ ನಡುವೆ ಎನ್‌ಟಿಎಲ್ ಸಾಲದಲ್ಲಿ ಮುಳುಗಿ 2002ರಲ್ಲಿ ಅಮೆರಿಕದ ಕೋರ್ಟಿನ ರಕ್ಷಣೆಗೆ ಹೋಗಿ ವಾಪಸ್ ಬಂತು, ಅಗೆದ ಫುಟ್‌ಪಾತಿನ ಸಾಲ ಅದು.

2005ರ ಶುರುವಿನಲ್ಲಿ ಎನ್‌ಟಿಎಲ್ ಗ್ಲಾಸ್ಗೋದಲ್ಲಿ ವಿಡಿಯೋ ಆನ್ ಡಿಮಾಂಡ್, ಅಂದ್ರೆ ಆ ಒತ್ತಿದಾಗ ಶುರುವಾಗೋ ಸಿನಿಮಾ, ಬಿಡ್ತು, ಟೆಲಿವೆಸ್ಟ್ ಕೂಡ ತನ್ನ ಊರುಗಳಲ್ಲಿ. ಸಿನಿಮಾ ಕೊಡ್ತಿದ್ದಿದ್ದು ಫಿಲ್ಮ್‌ಫ್ಲೆಕ್ಸ್ ಅಂತ ಒಂದು ಕಂಪನಿ, ಅದರಲ್ಲಿ ಡಿಸ್ನಿ ಮತ್ತೆ ಸೋನಿ ಪಾಲುದಾರರು. ಒಂದು ಸಿನಿಮಾ ಬಾಡಿಗೆಗೆ ತಗೊಂಡ್ರೆ 24 ಗಂಟೆ ನಿಮ್ಮದು, ನಿಲ್ಸಿ, ಹಿಂದೆ ಓಡ್ಸಿ, ಮತ್ತೆ ನೋಡಿ. 2006ರಲ್ಲಿ ಎನ್‌ಟಿಎಲ್, ಟೆಲಿವೆಸ್ಟ್ ಒಂದಾದ್ವು, 2007ರಲ್ಲಿ ವರ್ಜಿನ್ ಮೀಡಿಯಾ ಅಂತ ಹೆಸರು ಬದಲಾಯ್ತು. ಅದೇ ಬಾಕ್ಸಲ್ಲಿ ಅತ್ತ ಫ್ರಂಟ್ ರೋದ ಹದಿನೈದು ನಿಮಿಷಕ್ಕೊಂದು ಆಟಗಳು, ಇತ್ತ ಒತ್ತಿದ ತಕ್ಷಣ ಸಿನಿಮಾ. ಯಾರು ಬಸ್ ಸ್ಟಾಪಲ್ಲಿ ನಿಲ್ತಾರೆ ಹೇಳಿ. ಫ್ರಂಟ್ ರೋ ಸದ್ದಿಲ್ಲದೆ ಮರೆಗೆ ಸರಿದೋಯ್ತು, ನಮ್ಮ ಗೋಡೆಯ ಹೀರೋನಷ್ಟೇ ಸದ್ದಿಲ್ಲದೆ.

ಇನ್ನು ಸ್ಕೈ ಹಿಡ್ಕೊಂಡಿದ್ದ ಆ ಚಂದಾ ಮೆಟ್ಟಿಲು. ಅದರ ಬಗ್ಗೆ ದೂರು ಹೋಗಿ, 2010ರಲ್ಲಿ ಆಫ್‌ಕಾಮ್ ಅನ್ನೋ ನಿಯಂತ್ರಣ ಸಂಸ್ಥೆ ಅದನ್ನ ವ್ಯಾಪಾರದ ಸ್ಪರ್ಧೆ ಮೇಲೆ ಕಣ್ಣಿಡ್ತಿದ್ದ ಕಾಂಪಿಟಿಷನ್ ಕಮಿಷನ್ನಿಗೆ ಕಳಿಸ್ತು. ಕಮಿಷನ್ ತನಿಖೆ ನಡೆಸ್ತಿರುವಾಗಲೇ, 2012ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಬ್ರಿಟನ್ನಿಗೆ ಬಂತು. ಆಗಸ್ಟಲ್ಲಿ ಕಮಿಷನ್ ಏನು ಹೇಳ್ತು ಅಂದ್ರೆ, ಈಗ ನೆಟ್‌ಫ್ಲಿಕ್ಸ್, ಲವ್‌ಫಿಲ್ಮ್ ಥರ ಇಂಟರ್ನೆಟ್ಟಲ್ಲಿ ಸಿನಿಮಾ ಕೊಡೋರು ಬಂದಿದಾರೆ, ಸ್ಕೈ ಹಿಡಿತದಿಂದ ಸ್ಪರ್ಧೆಗೆ ಪೆಟ್ಟಿಲ್ಲ ಅಂತ. ಹದಿನೈದು ವರ್ಷ ಕೇಬಲ್‌ನೋರು ಗುದ್ದಾಡಿದ ಬೀಗವನ್ನ ಬೇರೆ ಯಾರೋ ಬಂದು ಹಿತ್ತಲ ಬಾಗಿಲಿಂದ ಬೇಡದ ವಸ್ತು ಮಾಡಿಟ್ರು. 2013ರಲ್ಲಿ ವರ್ಜಿನ್ ಮೀಡಿಯಾ ತನ್ನ ಬಾಕ್ಸಲ್ಲೇ ನೆಟ್‌ಫ್ಲಿಕ್ಸ್ ಹಾಕ್ತು. ಅದೇ ವರ್ಷ ಜನವರಿಯಲ್ಲಿ ಬ್ರಿಟನ್ನಿನ ಬ್ಲಾಕ್‌ಬಸ್ಟರ್ ವಿಡಿಯೋ ಅಂಗಡಿಗಳು ದಿವಾಳಿ ಎದ್ದಿದ್ವು. ಕೊಡೆ ಹಿಡ್ಕೊಂಡು ಹೋಗೋ ಶುಕ್ರವಾರಾನೂ ಮುಗೀತು.

ಈ ಸಭೆಯಲ್ಲಿ ಮುಂದಿನ ಸಾಲಲ್ಲಿ ಕೂತಿರೋ ಮೇಡಂ ಒಬ್ರು ಕೇಳಿದ್ರು, ಮನೇಲಿ ಮಕ್ಕಳು ದೊಡ್ಡವರ ಸಿನಿಮಾ ಕೊಂಡ್ಕೊಂಡ್ರೆ ಏನು ಗತಿ ಅಂತ. ಒಳ್ಳೆ ಪ್ರಶ್ನೆ, ಅಲ್ಲಿ ಇದರ ಬಗ್ಗೆ ತುಂಬಾ ಯೋಚನೆ ಮಾಡಿದಾರೆ. ಮಾಮೂಲಿ ಚಾನೆಲ್ಲಿಗೆ ರಾತ್ರಿ ಒಂಬತ್ತು ಗಂಟೆಯ ಗೆರೆ ಇದೆ, ದೊಡ್ಡವರದ್ದೆಲ್ಲ ಆಮೇಲೆ. ಪೇ ಪರ್ ವ್ಯೂಗೆ ಆ ಗೆರೆ ಸಡಿಲ, ಆದ್ರೆ ಪಿನ್ ನಂಬರ್ ಕಡ್ಡಾಯ. 2005ರ ಆಫ್‌ಕಾಮ್ ನಿಯಮಾವಳಿ ಪ್ರಕಾರ 18ರ ಸರ್ಟಿಫಿಕೇಟಿನ ಸಿನಿಮಾವನ್ನ ದಿನದ ಯಾವ ಹೊತ್ತಲ್ಲಾದ್ರೂ ಹಾಕ್ಬಹುದು, ಪಿನ್ ಇರ್ಬೇಕು, ಮತ್ತೆ ಬಿಲ್ಲಲ್ಲಿ ಯಾವುದನ್ನ ಯಾವ ತಾರೀಖು ಎಷ್ಟು ಗಂಟೆಗೆ ನೋಡಿದ್ರು ಅಂತ ಬಿಡಿಸಿ ಬರೀಬೇಕು. ಆರ್18 ಅಂತ ಅದಕ್ಕಿಂತ ಮುಂದಿನ ಸರ್ಟಿಫಿಕೇಟಿದೆ, ಅದನ್ನ ಮಾತ್ರ ಯಾವತ್ತೂ ಹಾಕೋ ಹಾಗಿಲ್ಲ.

ಆ ಬಿಲ್ಲಿನ ಸಾಲು ಇದೆಯಲ್ಲ, ನಿಯಮ ಬರೋಕೆ ಮುಂಚೇನೇ ನಮ್ಮ ಮನೆಗೆ ಬಂದಿತ್ತು. ನಾವು ನಾಲ್ಕು ಜನ, ಹಾಸನದವನು, ಧಾರವಾಡದವನು, ಮಂಗಳೂರಿನವನು, ನಾನು, ಲಂಡನ್ ದಕ್ಷಿಣಕ್ಕೆ ಗೋಡೆಗೆ ಗೋಡೆ ಅಂಟಿದ ಸಾಲುಮನೆಗಳಲ್ಲಿ ಒಂದು ಮನೆ, ಕೆಳಗೆ ಹಾಲಲ್ಲಿ ಒಂದು ಟಿವಿ. ಪಿನ್ ನಂಬರನ್ನ ಟಿವಿ ಪಕ್ಕದ ಗೋಡೆ ಮೇಲೆ ಪೆನ್ಸಿಲಲ್ಲಿ ಬರೆದಿಟ್ಟಿದ್ವಿ, ಮರೆತು ಹೋಗ್ಬಾರ್ದು ಅಂತ. 2001ರಲ್ಲಿ ಮನೆ ಖಾಲಿ ಮಾಡುವಾಗ ಕೊನೇ ಬಿಲ್ ಬಂತು. ಹರಡ್ಕೊಂಡು ಕೂತ್ವಿ. ಒಂದು ಸಿನಿಮಾ, 2.99 ಪೌಂಡ್, ಮಂಗಳವಾರ ರಾತ್ರಿ 1.15ರ ಆಟ. ಸಿನಿಮಾ ಹೆಸರು ಇಲ್ಲಿ ಬೇಡ.

ಮಂಗಳೂರಿನವನು ಮೊದಲೇ ಎದ್ದು ನಿಂತ, ಎಂಥದು ಮಾರಾಯ, ನನ್ನ ಮುಖ ಯಾಕೆ ನೋಡುದು ಅಂತ. ಧಾರವಾಡದವನು, ಏ ನಾ ಅಲ್ಲೋಪಾ, ನಾ ಹತ್ತಕ್ಕ ಮಲ್ಕೊಂಡಿದ್ದೆ, ಅಂದ. ಹಾಸನದವನು ಮಾತೇ ಆಡ್ಲಿಲ್ಲ, ಚಹಾ ಮಾಡೋಕೆ ಎದ್ದು ಹೋದ. ನಾನು ಬಾಕ್ಸ್ ಟೆಸ್ಟ್ ಮಾಡೋನು ಅಂತ ಮೂರೂ ಜನ ಸೇರಿ ನನ್ನ ಮೇಲೇ ತಿರುಗಿಬಿದ್ರು, ಆಫೀಸ್ ಕೆಲಸ ಮನೇಲೂ ಮಾಡಿದ್ಯಾ ಅಂತ. ಕೊನೆಗೆ ನಾಲ್ಕು ಪಾಲು ಮಾಡಿದ್ವಿ, ತಲಾ 75 ಪೆನ್ನಿ, ಆದ್ರೆ 2.99 ಅಲ್ವಾ, ಒಬ್ಬನಿಗೆ ಒಂದು ಪೆನ್ನಿ ಕಮ್ಮಿ ಬೀಳುತ್ತೆ. ಆ 74 ಪೆನ್ನಿ ನಾನು ಕೊಡ್ತೀನಿ ಅಂತ ಅಡಿಗೆಮನೆಯಿಂದ ಹಾಸನದವನ ದನಿ ಬಂತು.